ಗೋಡೆಗೆ ಕಟ್ಟಿದ ಬೆಂಕಿ

ನವೆಂಬರ್ 4, 2024, ಸೋಮವಾರ

ನೌಕರಿಯ ಮೊದಲ ದಿನ. ನಮ್ಮೂರು ಕಲ್ಯಾಣದಿಂದ ಆರೂವರೆಯ ಬಸ್ಸು. ದೇವಿದಾಸ ಕಾಕಾ ಮೊದಲೇ ಬಂದು ಕಿಟಕಿಯ ಸೀಟಿಗೆ ಟವೆಲ್ ಹಾಸಿ ನನಗೆ ಜಾಗ ಹಿಡಿದಿದ್ದ. ಅವನಿಲ್ಲದಿದ್ದರೆ ಈ ನೌಕರಿಯೂ ಇರುತ್ತಿರಲಿಲ್ಲ. ಎಂ.ಎ. ಕನ್ನಡ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ನನ್ನನ್ನು ಹುಮನಾಬಾದಿನ ಈ ಕೆಮಿಕಲ್ ಫ್ಯಾಕ್ಟರಿಗೆ ಎಳೆದೊಯ್ದು ಎಚ್.ಆರ್. ಅಧಿಕಾರಿ ವೈಜಿನಾಥ ಸರ್ ಮುಂದೆ ನಿಲ್ಲಿಸಿದ್ದು ಅವನೇ. "ನಮ್ಮ ಓಣಿ ಹುಡುಗ ಅದಾನ್ರಿ ಸಾಹೇಬ್ರ, ಸುಮೇಧ ಅಂತ. ಮಾತು ಕಮ್ಮಿ. ಆದ್ರ ಎಲ್ಲಾ ನೋಡ್ತಾನ, ನೋಡಿದ್ದು ಮರಿಯಂಗಿಲ್ಲ" ಅಂದಿದ್ದ.

ದಾರಿಯ ಬಂಗ್ಲಾ ಕ್ರಾಸ್ ದಾಟುವವರೆಗೆ ಅವನು ಮಾತಾಡಿದ, ನಾನು ಹ್ಞೂಂ ಅಂದೆ. ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟ್ ಮೇಲೆ ಡ್ರಮ್ ಯಾರ್ಡಿನಲ್ಲಿ ದುಡಿಯುತ್ತಿದ್ದಾನೆ. ಈ ಜನವರಿ ಇಪ್ಪತ್ತಾರಕ್ಕೆ ಪರ್ಮನೆಂಟ್ ಆರ್ಡರ್ ಕೊಡುತ್ತಾರಂತೆ. "ಹಳದಿ ಪಾಸ್ ತೋರ್ಸಿ ತೋರ್ಸಿ ಸಾಕಾಗ್ಯಾದ ತಮ್ಮಾ. ಕಾಂಟ್ರ್ಯಾಕ್ಟರ್ ಬದಲಾದಾಗೊಮ್ಮೆ ಹೊಸದಾಗಿ ಕೈ ಮುಗೀಬೇಕು. ಒಂದ್ ಸಲ ನೀಲಿ ಪಾಸ್ ಕೊಳ್ಳಾಗ ಹಾಕ್ಕೊಂಡು ನಮ್ಮ ಓಣ್ಯಾಗ ಬರಬೇಕು. ನಿಮ್ಮ ಕಾಕು ಬಾಗಲಾಗ ನಿಂತು ನೋಡಬೇಕು."

ಗೇಟಿನಲ್ಲಿ ಜಹೀರುದ್ದೀನ್ ಚಾಚಾ ಎಂಬ ಮುದಿ ವಾಚ್‌ಮನ್. ಅವನ ಹಿಂದೆ ಪಾರಿವಾಳದ ಗೂಡಿನಂಥ ಕಪಾಟು, ಒಂದೊಂದು ಗೂಡಿಗೆ ಒಂದೊಂದು ನಂಬರು. ಒಳಗೆ ಹೋಗುವವರೆಲ್ಲ ತಮ್ಮ ಬೆಂಕಿಪೊಟ್ಟಣವನ್ನು ತಾವಾಗಿಯೇ ಅದರಲ್ಲಿಟ್ಟು ಹೋಗುತ್ತಾರೆ. ಚಾಚಾ ನನ್ನ ಕಡೆಗೂ ಕೈ ಚಾಚಿದ. ನಾನು ಸೇದುವುದಿಲ್ಲ ಅನ್ನಬೇಕಿತ್ತು. ಎರಡೂ ಜೇಬನ್ನು ಹೊರಗೆಳೆದು ತೋರಿಸಿದೆ. ಹಿಂದೆ ನಿಂತವರೆಲ್ಲ ನಕ್ಕರು.

ನವೆಂಬರ್ 6, ಬುಧವಾರ

ಕ್ಯಾಂಟೀನಿನ ಹಿಂದೆ ಒಂದು ಖೋಲಿ ಇದೆ. ಬೀಡಿ ಖೋಲಿ ಅಂತಾರೆ. ಎರಡು ಕಲ್ಲಿನ ಕಟ್ಟೆ, ತುಂಡು ಚುಚ್ಚಲು ಮರಳಿನ ಡಬ್ಬಿ, ಹೊಗೆ ಎಳೆಯುವ ಫ್ಯಾನು. ಗೋಡೆಯಲ್ಲಿ ಎದೆಯೆತ್ತರಕ್ಕೆ ಕೂಡಿಸಿದ ಕಬ್ಬಿಣದ ಪೆಟ್ಟಿಗೆ, ಅದೇ ಲೈಟರ್. ಗುಂಡಿ ಒತ್ತಿ ಹಿಡಿದರೆ ಒಳಗಿನ ಸುರುಳಿ ತಂತಿ ಕೆಂಪಗೆ ಕಾಯುತ್ತದೆ. ಬಗ್ಗಿ ಬೀಡಿಯನ್ನು ಅದಕ್ಕೆ ತಾಗಿಸಬೇಕು. ಎಲ್ಲರೂ ಒಬ್ಬರ ಹಿಂದೊಬ್ಬರು ಬಗ್ಗುವುದು ನಮಸ್ಕಾರ ಮಾಡಿದಂತೆ ಕಾಣುತ್ತದೆ.

ಜಹೀರುದ್ದೀನ್ ಚಾಚಾ ಊಟದ ಹೊತ್ತಿನಲ್ಲಿ ಹೇಳಿದ: "ಒಳಗೆಲ್ಲಾ ಸಾಲ್ವೆಂಟ್ ಅದ ಬೇಟಾ, ಒಂದ್ ಕಿಡಿ ಬಿದ್ರ ಖತಂ. ಅದಕ್ಕ ಇಡೀ ಫ್ಯಾಕ್ಟರಿಗೆ ಒಂದೇ ಬೆಂಕಿ ಇಟ್ಟೀವಿ. ಅದನ್ನೂ ಗ್ವಾಡಿಗೆ ಕಟ್ಟೀವಿ."

ಕಾಕಾ ನನ್ನನ್ನು ಡ್ರಮ್ ಯಾರ್ಡಿಗೂ ಕರೆದೊಯ್ದ. ಒಂದು ಕಡೆ ತುಂಬಿದ ಡ್ರಮ್ಮು, ಇನ್ನೊಂದು ಕಡೆ ಖಾಲಿಯವು ಆಳೆತ್ತರಕ್ಕೆ. ನಾನು ತುಂಬಿದವುಗಳಿಂದ ದೂರ ಸರಿದು ಖಾಲಿ ಡ್ರಮ್ಮಿಗೆ ಒರಗಿದಾಗ ರಟ್ಟೆ ಹಿಡಿದು ಎಳೆದ. "ಎಲ್ಲಾರೂ ಹಿಂಗೇ ತಪ್ಪು ಮಾಡ್ತಾರ. ತುಂಬಿದ್ದು ತೆಪ್ಪಗಿರ್ತದ. ಖಾಲಿದರಾಗ ತಳಕ್ಕ ಒಂದ್ ಹನಿ ಇರ್ತದ, ಅದು ಆವಿಯಾಗಿ ಹೊಟ್ಟಿ ತುಂಬ ಕುಂತಿರ್ತದ. ಬೆಂಕಿ ಕಂಡ್ರ ಬಾಂಬ್ ಅದು."

ಬೀಡಿ ಖೋಲಿಯಲ್ಲಿ ಅವನ ಪಕ್ಕ ಒಂದು ನಿಮಿಷ ಕೂತೆ. ಲೈಟರ್ ಕೆಟ್ಟಾಗ ಸುಪರ್ವೈಜರ್ ಕೂಡ ಅವನ ಬೀಡಿಗೆ ಬೀಡಿ ತಾಗಿಸಿ ಹಚ್ಚಿಕೊಳ್ಳುತ್ತಾನಂತೆ. "ಊರಾಗ ಆಗ್ತದೇನು? ಹೇಳು" ಅಂದ. ನಾನು ಕೆಮ್ಮುತ್ತ ಹೊರಗೆ ಬಂದೆ. ಆ ವಾಸನೆ ನನಗೆ ಅಪ್ಪನ ಹಾಸಿಗೆಯ ವಾಸನೆ. ಅಪ್ಪ ಕೆಮ್ಮಿ ಕೆಮ್ಮಿ ಸತ್ತ. ಅವನೂ ದೇವಿದಾಸ ಕಾಕಾನೂ ಒಂದೇ ಬೀಡಿಯನ್ನು ಅರ್ಧರ್ಧ ಸೇದುತ್ತಿದ್ದರು. ಒಬ್ಬ ಉಳಿದಿದ್ದಾನೆ.

ನವೆಂಬರ್ 14, ಗುರುವಾರ

ಮೀಟಿಂಗ್ ಆಯಿತು. ಫೆಬ್ರವರಿಯಲ್ಲಿ ಹೊರದೇಶದ ಖರೀದಿದಾರರ ಆಡಿಟ್ ಇದೆ. ಅಷ್ಟರೊಳಗೆ ಗೇಟಿಗೆ 'ತಂಬಾಕು ಮುಕ್ತ ಆವರಣ' ಫಲಕ ಬರಬೇಕಂತೆ.

"ಗ್ವಾಡಿ, ಬಾಗಲಾ ಇರೋ ಕೆಲಸದ ಜಾಗಾದಾಗ ಸೇದೋದು ಕಾನೂನಿನಾಗ ಅಪರಾಧ ಅದ" ಅಂದರು ವೈಜಿನಾಥ ಸರ್. "ನಾವೇ ಖೋಲಿ ಕಟ್ಟಿ, ಲೈಟರ್ ಕೂಡ್ಸಿ ಕೊಟ್ಟೀವಿ ಅಂದ್ರ ಮಾರಿ ಎಲ್ಲಿ ಇಟ್ಕೊಳ್ಳೋದು? ಸೋಮವಾರದಿಂದ ಬೀಡಿ ಖೋಲಿ ಬಂದ್."

ಚಾಚಾ ಎದ್ದು ನಿಂತ. "ಖೋಲಿ ಮುಚ್ರಿ ಸಾಬ್. ಹೊರಗ ದೂರ ಒಂದು ತಗಡಿನ ನೆರಳರೆ ಹಾಕಿ, ಲೈಟರ್ ಅಲ್ಲಿಗಿ ಹಚ್ಚಿಕೊಡ್ರಿ. ಇಲ್ಲಾಂದ್ರ ಒಳಗ ಬೆಂಕಿಪೊಟ್ಟಣ ಬರ್ತಾವ."

"ತಂಬಾಕು ಮುಕ್ತ ಅಂದ್ರ ಪೂರಾ ಮುಕ್ತ, ಚಾಚಾ. ನಿಮ್ಮ ಗೇಟಿನ ಕಪಾಟೂ ತೆಗೀರಿ. ಬೆಂಕಿಪೊಟ್ಟಣ ಇಡೋ ಜಾಗಾ ಇದ್ರ ಸೇದೋರು ಇದ್ದಾರಂತ ನಾವೇ ಒಪ್ಕೊಂಡಂಗ ಆಗ್ತದ."

ನನಗೆ ಒಳಗೊಳಗೇ ಸಂತೋಷವಾಯಿತು. ಅಪ್ಪ ದುಡಿದ ಕಡೆ ಇಂಥ ಒಬ್ಬ ಅಧಿಕಾರಿ ಇದ್ದಿದ್ದರೆ ಅನಿಸಿತು.

ನವೆಂಬರ್ 18, ಸೋಮವಾರ

ಬೀಡಿ ಖೋಲಿಗೆ ಬಣ್ಣ ಹೊಡೆದು ನನಗೆ ಕೊಟ್ಟಿದ್ದಾರೆ. ಕುರ್ಚಿ, ಟೇಬಲ್, ಬೀಗವಿರುವ ಡ್ರಾವರ್. ಸ್ವಂತದ್ದೊಂದು ಖೋಲಿ, ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ. ಗೋಡೆಯ ಲೈಟರ್ ಕೀಳಲು ಬರಲಿಲ್ಲವಂತೆ. ಇರಲಿ.

ನನ್ನ ಕೆಲಸ ಜಾಗೃತಿ ಬರಹ ಬರೆಯುವುದು ಮತ್ತು 'ಗಮನಿಸುವುದು'. ಕಾಕಾ ಬಾಗಿಲಲ್ಲಿ ನಿಂತು ಇಣುಕಿದ. ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ವಾಪಸ್ ಬಂತು. "ಛಲೋ ಆಯ್ತು. ನಮ್ಮ ಖೋಲಿ ನಮ್ಮ ಹುಡುಗಗೇ ಸಿಕ್ತು" ಅಂದ. ಅವನ ಹೆಂಡತಿ ಶೇವಂತಾಬಾಯಿ ಕಾಕು ಕಟ್ಟಿಕೊಟ್ಟ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ. ನನಗೂ ಸೇರಿಸಿ ಕಟ್ಟುತ್ತಾಳೆ. ಇಬ್ಬರೂ ಕೂತು ಉಂಡೆವು.

ನವೆಂಬರ್ 27, ಬುಧವಾರ

ನಾನು ಪದ್ಯ ಬರೆಯುತ್ತೇನೆಂದು ತಿಳಿದಾಗಿನಿಂದ ಪ್ಯಾಕಿಂಗ್ ವಿಭಾಗದ ಸಂಜುಕುಮಾರ ನನ್ನನ್ನು ಕಂಡರೆ ಬಿಡುವುದಿಲ್ಲ. ಇವತ್ತು ಕ್ಯಾಂಟೀನಿನಲ್ಲಿ ತಟ್ಟೆ ಬಡಿದು ಕೂಗಿದ. "ದಾರಿ ಬಿಡ್ರಲೇ, ಕವಿಗಳು ಬಂದ್ರು! ಕವಿಗಳೇ, ಹೊಗಿ ಮ್ಯಾಲೆ ಏನರೆ ಬರದೀರೇನ್ರಿ? ನಿಮ್ಮ ಖೋಲ್ಯಾಗ ನಾವು ಇಪ್ಪತ್ತು ವರ್ಷದ ಹೊಗಿ ಬಿಟ್ಟೀವಿ, ಬಾಡಿಗಿ ಕೊಡ್ರಿ."

ಮೂವತ್ತು ಜನ ನಕ್ಕರು. ಕಾಕಾ ಕೂಡ ನಕ್ಕ. ನೋಡಿದೆ.

ನಾನು ಸಾರಿನ ಬಟ್ಟಲು ಹಿಡಿದು ನಿಂತೇ ಇದ್ದೆ. ಮಧ್ಯಾಹ್ನ ವೈಜಿನಾಥ ಸರ್ ಕೇಳಿದರು, "ಏನರೆ ಕಂಡದೇನು?" ನಾನು ನೋಡಿದ್ದನ್ನೆಲ್ಲ ಹೇಳಿದೆ. ಬೆಂಕಿಪೊಟ್ಟಣ ಕಾಲುಚೀಲದಲ್ಲಿ ಬರುತ್ತದೆ, ಡಬ್ಬಿಯ ಮುಚ್ಚಳದೊಳಗೆ ಬರುತ್ತದೆ. ಹತ್ತೂಕಾಲಿಗೆ ಸಂಡಾಸಿನ ಕಿಟಕಿಯಲ್ಲಿ ಹೊಗೆ. ಅವರು ಬೆನ್ನು ತಟ್ಟಿದರು. "ನಿನ್ನಂಥಾ ಕಣ್ಣು ಯಾರಿಗೂ ಇಲ್ಲ ನೋಡು." ಇಷ್ಟು ದಿನ ಈ ಕಣ್ಣಿನಿಂದ ಏನು ಪ್ರಯೋಜನ ಅಂತ ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 2, ಸೋಮವಾರ

ಹೊಸ ನಿಯಮ ನನ್ನದೇ ಸಲಹೆ. ಸೇದುವಾಗ ಸಿಕ್ಕವರ ಫೋಟೋ ಬೋರ್ಡಿಗೆ ಹಚ್ಚುವುದು, ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಮೈಕಿನಲ್ಲಿ ಹೆಸರು ಓದುವುದು. ಮೂರು ಫೋಟೋ ಆದರೆ ಕಾಂಟ್ರ್ಯಾಕ್ಟಿನವನಿಗೆ ಗೇಟ್ ಬಂದ್, ಪರ್ಮನೆಂಟ್ ಪಟ್ಟಿಯಲ್ಲಿದ್ದವನ ಹೆಸರು ಹೊರಗೆ.

ಮೊದಲ ಫೋಟೋ ಸಂಜುಕುಮಾರನದು. ಸಂಡಾಸಿನ ಗೋಡೆಯ ಮೇಲಿಂದ ಕೈ ಚಾಚಿ ತೆಗೆದೆ. ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಬಾಯಲ್ಲಿ ಬೀಡಿ, ಕಣ್ಣು ಮೇಲೆ. ಬೋರ್ಡಿನ ಮುಂದೆ ಪ್ಯಾಕಿಂಗಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಮೈಕಿನಲ್ಲಿ ಎರಡು ಸಾಲು ಕಟ್ಟಿ ಓದಿದೆ.

ಸಂಡಾಸಿನ ಕಿಟಕ್ಯಾಗ ಹೊಗಿಯ ಮೋಡ
ಒಳಗ ಸಂಜುಕುಮಾರ ಕುಂತಾನ ನೋಡ

ಇನ್ನೂರು ಜನ ಒಟ್ಟಿಗೆ ನಕ್ಕರು. ನನ್ನ ಒಂದು ಪದ್ಯಕ್ಕೆ ಇಷ್ಟು ಜನ ಎಂದೂ ಕಿವಿಗೊಟ್ಟಿರಲಿಲ್ಲ. ಕಾಲು ನಡುಗಲಿಲ್ಲ. ಆಮೇಲೆ ಗೊತ್ತಾಯಿತು, ನಡುಗಲಿಲ್ಲ ಅಂತ.

ಸಂಜುಕುಮಾರ ತಲೆ ತಗ್ಗಿಸಿ ನಿಂತಿದ್ದ. ಅವನ ಹೆಂಡತಿಯೂ ಪ್ಯಾಕಿಂಗಿನಲ್ಲೇ ಇದ್ದಾಳೆ ಅಂತ ಸಂಜೆ ತಿಳಿಯಿತು.

ಡಿಸೆಂಬರ್ 7, ಶನಿವಾರ

ನಿನ್ನೆ ಡಿಸೆಂಬರ್ ಆರು, ಬಾಬಾಸಾಹೇಬರ ಪರಿನಿಬ್ಬಾಣದ ದಿನ. ಬೆಳಿಗ್ಗೆ ವಿಹಾರದಲ್ಲಿ ಕಾಕಾ ಬಿಳಿ ಅಂಗಿ ತೊಟ್ಟು ನನ್ನ ಪಕ್ಕದಲ್ಲೇ ಕೂತಿದ್ದ. ಆ ಒಂದು ದಿನ ಅವನು ಬೀಡಿ ಮುಟ್ಟುವುದಿಲ್ಲ. ನಾನು ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಅಪ್ಪನೂ ಹಾಗೇ ಇದ್ದ. ಮಾರನೇ ದಿನ ಮೊದಲ ಬೀಡಿಗೆ ಇಬ್ಬರಿಗೂ ತಡೆಯಲು ಆಗುತ್ತಿರಲಿಲ್ಲ. ಹೊತ್ತು ಏರುವುದರೊಳಗೆ ಹಿತ್ತಲಿಗೆ ಓಡುತ್ತಿದ್ದರು.

ಅದು ನೆನಪಿತ್ತು. ಇವತ್ತು ಎಂಟು ಗಂಟೆಗೇ ಹಿಂದಿನ ಕಾಂಪೌಂಡಿನ ಹತ್ತಿರ ಬೇವಿನ ಗಿಡದ ಮರೆಗೆ ಹೋಗಿ ನಿಂತೆ. ಎಂಟು ಹತ್ತಕ್ಕೆ ಬಂದ. ಯಾರ್ಡಿನಿಂದ ಅಷ್ಟು ದೂರ ಯಾಕೆ ನಡೆದು ಬರುತ್ತಾನೆ ಅಂದರೆ, ಡ್ರಮ್ಮಿನ ಹತ್ತಿರ ಹಚ್ಚುವುದಿಲ್ಲ ಅಂತ ಅವನದೊಂದು ಕಟ್ಟಳೆ. ಕಣ್ಣು ಮುಚ್ಚಿ ಮೊದಲ ದಮ್ಮು ಎಳೆದ. ಆಗ ತೆಗೆದೆ.

"ತಮ್ಮಾ, ನೀನಾ!" ಅಂದ. ಮೊದಲು ನಕ್ಕ. ನಾನು ನಗದಿದ್ದಾಗ ಅವನ ನಗು ಸ್ವಲ್ಪ ಹೊತ್ತು ಮುಖದ ಮೇಲೆಯೇ ಉಳಿದು ಆಮೇಲೆ ಹೋಯಿತು. "ಬಾಗಲಾ ಇರೋ ಜಾಗಾದಾಗ ಬ್ಯಾಡ ಅಂದ್ರು, ಕೇಳಿದ್ವಿ. ಬೇವಿನ ಗಿಡಕ್ಕ ಬಾಗಲಾ ಎಲ್ಲಿ ಅದ?"

ಪೂರಾ ಆವರಣ ಅಂತ ನಿಯಮ ಇದೆ ಅಂದೆ. ಫೋಟೋ ಚೆನ್ನಾಗಿ ಬಂದಿದೆ. ಕಣ್ಣು ಮುಚ್ಚಿದ ಮುಖದಲ್ಲಿ ಅಂಥ ಸುಖ ನಾನು ಬೇರೆ ಯಾರಲ್ಲೂ ನೋಡಿಲ್ಲ.

ಡಿಸೆಂಬರ್ 10, ಮಂಗಳವಾರ

ಬಸ್ಸಿನಲ್ಲಿ ಸೀಟಿಗೆ ಟವೆಲ್ ಇರಲಿಲ್ಲ. ದಾರಿಯಲ್ಲಿನ ರಾಜೇಶ್ವರದವರೆಗೆ ನಿಂತು ಬಂದೆ.

ಡಿಸೆಂಬರ್ 21, ಶನಿವಾರ

ಇಡೀ ಆವರಣದ ನಕ್ಷೆ ಮಾಡಿದ್ದೇನೆ. ಸಂಡಾಸಿನ ಬಾಗಿಲು ಅರ್ಧಕ್ಕೆ ಕತ್ತರಿಸಿಯಾಯಿತು. ಕ್ಯಾಂಟೀನಿನ ಹಿಂದಣ ಸಂದಿಗೆ ತಂತಿ ಬೇಲಿ ಬಂತು. ಗೇಟಿನಿಂದ ಹೊರಗೆ ಹೆದ್ದಾರಿಯ ಪಕ್ಕ ನಿಂತು ಸೇದುತ್ತಿದ್ದರು, ಈಗ ಊಟದ ಹೊತ್ತಿನಲ್ಲಿ ಗೇಟ್ ಪಾಸ್ ಇಲ್ಲ. ಶಿಫ್ಟ್ ಬದಲಾಗುವಾಗ ಬೆರಳು ಮೂಸುವ ಪದ್ಧತಿಯನ್ನೂ ತಂದೆ. ಸಾಲಿನಲ್ಲಿ ಬಂದು ಒಬ್ಬೊಬ್ಬರೇ ಎರಡು ಬೆರಳು ನನ್ನ ಮೂಗಿನ ಹತ್ತಿರ ಹಿಡಿಯಬೇಕು. ಮೊದಲ ದಿನ ಕೆಲವರು ನಕ್ಕರು. ಈಗ ಯಾರೂ ನಗುವುದಿಲ್ಲ. ಇದರಿಂದಾಗಿ ಸೇದುವವರು ರಬ್ಬರ್ ಕೈಗವಸು ಹಾಕಿಕೊಂಡೇ ಸೇದಲು ಕಲಿತಿದ್ದಾರೆ ಅಂತ ಗಮನಿಸಿದ್ದೇನೆ.

ದೇವಿದಾಸನ ಎರಡನೇ ಫೋಟೋ ಅದೇ ಬೇವಿನ ಗಿಡದಡಿ ಸಿಕ್ಕಿತು. ಗಿಡ ಕಡಿಸಬೇಕೆಂದು ಬರೆದುಕೊಟ್ಟೆ. ಮಧ್ಯಾಹ್ನವೇ ಕಡಿದರು. ಈಗ ನನ್ನ ಕಿಟಕಿಯಿಂದ ಕಾಂಪೌಂಡಿನವರೆಗೂ ಕಾಣುತ್ತದೆ. ಕಾಣದ ಜಾಗ ಅಂದರೆ ಖಾಲಿ ಡ್ರಮ್ಮುಗಳ ನಡುವಿನ ಓಣಿ ಒಂದೇ.

ಸಂಜೆ ಜಹೀರುದ್ದೀನ್ ಬಂದಿದ್ದ. ನಿಂತೇ ಮಾತಾಡಿದ. "ನೀರು ಹರಿಯೋ ದಾರಿ ಒಂದೊಂದಾಗಿ ಮುಚ್ಚಾಕತ್ತೀರಿ ಸಾಬ್. ಉಳದಿದ್ದು ಯಾವ ದಾರಿ ಅಂತ ನೋಡೀರೇನು? ನನ್ನ ಕಪಾಟಿನಾಗ ಇರ್ತಿದ್ದ ಪೊಟ್ಟಣಾ ಎಲ್ಲಾ ಈಗ ಒಳಗ ಅಡ್ಡಾಡಾಕತ್ಯಾವ."

ಚಾಚಾಗೆ ವಯಸ್ಸಾಗಿದೆ. ಆದರೆ ಮೊದಲು ಬೇಟಾ ಅನ್ನುತ್ತಿದ್ದ, ಈಗ ಸಾಬ್ ಅಂದ.

ಡಿಸೆಂಬರ್ 29, ಭಾನುವಾರ

ಶೇವಂತಾಬಾಯಿ ಮನೆಗೆ ಬಂದಿದ್ದಳು. ಅವ್ವನ ಹತ್ತಿರ ಕೂತು ಶೇಂಗಾ ಸುಲಿಯುತ್ತ, ನನ್ನ ಕಡೆ ನೋಡದೆ ಅಂದಳು, "ಎರಡ್ ಆಗ್ಯಾವಂತ. ಇನ್ನೊಂದ್ ಆಗದಂಗ ನೋಡ್ಕೊ ತಮ್ಮಾ. ನಾನೂ ದಿನಾ ಬೈತೀನಿ. ಬಿಡ್ತೀನಿ ಅಂತಾರ, ಆಗವಲ್ದು. ಇಪ್ಪತ್ತಾರು ಒಂದು ದಾಟಲಿ."

ಎಲ್ಲರಿಗೂ ಒಂದೇ ನಿಯಮ ಕಾಕು ಅಂದೆ. ಅವ್ವ ನನ್ನ ಮುಖ ನೋಡಿದಳು. ಯಾಕೋ.

ಜನವರಿ 9, 2025, ಗುರುವಾರ

ಇವತ್ತಿನದನ್ನು ವಿವರವಾಗಿ ಬರೆದಿಡಬೇಕು. ಇಂಥದ್ದು ಪುಸ್ತಕಗಳಲ್ಲಿ ಸಿಗುವುದಿಲ್ಲ.

ಹನ್ನೊಂದಕ್ಕೆ ಪಂಪ್ ಹೌಸಿನ ತಿರುವಿನಲ್ಲಿ ದೇವಿದಾಸ ಎದುರಾದ. ಬಲಗೈಗೆ ರಬ್ಬರ್ ಕೈಗವಸು, ಮುಷ್ಟಿ ಬಿಗಿ. ಬೆರಳ ಸಂದಿಯಿಂದ ನೂಲಿನಂಥ ಹೊಗೆ. ಈಗಷ್ಟೇ ಹಚ್ಚಿದ್ದನೆಂದು ಕಾಣುತ್ತದೆ. ಬಾಯಲ್ಲಿ ಇಲ್ಲ, ಕೈಯಲ್ಲಿ ಕಾಣುವುದಿಲ್ಲ, ಫೋಟೋ ಆಗುವುದಿಲ್ಲ. ಹಾಗಾಗಿ ಫೋನ್ ಜೇಬಿನಲ್ಲೇ ಇಟ್ಟು ಮಾತಿಗೆ ನಿಂತೆ.

"ಕಾಕು ಹ್ಯಾಂಗ ಅದಾಳ?"

"ಆರಾಮ ಅದಾಳ."

"ಇವತ್ತು ಡಬ್ಬ್ಯಾಗ ಏನು?"

"ಹೆಸರಬ್ಯಾಳಿ." ಅವನ ಹಣೆಯಲ್ಲಿ ಬೆವರು ಮೂಡಿತು. ಜನವರಿಯ ಚಳಿ.

"ಮೊಣಕಾಲು ನೋವು ಅಂದಿದ್ದಳು. ಕಲ್ಯಾಣದಾಗ ತೋರಿಸಿದ್ಯೋ, ಬೀದರಿಗೆ ಒಯ್ದಿದ್ಯೋ?"

"ತೋರಿಸ್ತೀನಿ... ನಾ ಹೋಗ್ಲಾ ತಮ್ಮಾ?"

"ಏನು ಅವಸರ ಕಾಕಾ. ನಾವು ಮಾತಾಡೇ ಎಷ್ಟು ದಿನಾ ಆಯ್ತು."

ಎಳೆಯದಿದ್ದರೆ ಬೀಡಿ ತಾನಾಗಿ ಆರುತ್ತದೆ ಅನ್ನುತ್ತಾರೆ. ನಿಜ. ಆದರೆ ಆರುವ ಮೊದಲು ಕೈಗವಸು ಕರಗುತ್ತದೆ. ಮೊದಲು ರಬ್ಬರಿನ ವಾಸನೆ ಬಂತು, ಆಮೇಲೆ ಬೇರೊಂದು ವಾಸನೆ. ಅವನ ಎಡಗಣ್ಣಿನ ಕೆಳಗೆ ಒಂದು ನರ ಹಾರುತ್ತಿತ್ತು. ಬಾಯಿ ತೆರೆದು ಒಂದು ಮಾತು ಅಂದಿದ್ದರೆ ಸಾಕಿತ್ತು, ನಾನು ತಡೆಯುತ್ತಿರಲಿಲ್ಲ. ಅನ್ನಲಿಲ್ಲ. ಮುಷ್ಟಿ ಬಿಚ್ಚಲೂ ಇಲ್ಲ. ಬಿಚ್ಚಿದರೆ ಮೂರನೆಯದು, ನೀಲಿ ಪಾಸು ಹೋಯಿತು. ನನ್ನನ್ನೇ ನೋಡುತ್ತಿದ್ದ. ಸಿಟ್ಟಿನಿಂದ ಅಲ್ಲ. ನನ್ನ ಅಪ್ಪನ ಹೆಣದ ಹತ್ತಿರ ಕೂತು ನನ್ನನ್ನು ಹಾಗೆ ನೋಡಿದ್ದ.

ನಾಲ್ಕು ನಿಮಿಷ. ಪಂಪ್ ಹೌಸಿನ ಗೋಡೆ ಗಡಿಯಾರ ನೋಡಿ ಬರೆದುಕೊಂಡಿದ್ದೇನೆ. ಆಮೇಲೆ ಹೋಗು ಅಂದೆ. ನಡೆಯುವಾಗಲೂ ಮುಷ್ಟಿ ಬಿಚ್ಚಲಿಲ್ಲ. ಬಿಚ್ಚಲು ಬರುತ್ತಿರಲಿಲ್ಲ ಅನಿಸುತ್ತದೆ.

ಜನವರಿ 11, ಶನಿವಾರ

ದೇವಿದಾಸನ ಅಂಗೈಯ ತೊಗಲು ಕೈಗವಸಿನೊಂದಿಗೇ ಬಂದಿತಂತೆ. ಬಿಸಿ ಪೈಪು ಹಿಡಿದೆ ಅಂತ ಎಲ್ಲರಿಗೂ ಹೇಳಿದ್ದಾನೆ. ಬ್ಯಾಂಡೇಜು ಕಟ್ಟಿಕೊಂಡು ಕೆಲಸಕ್ಕೆ ಬಂದಿದ್ದ. ಇಪ್ಪತ್ತಾರರೊಳಗೆ ರಜೆ ಹಾಕಿದರೆ ಪಟ್ಟಿಗೆ ತೊಂದರೆ ಅಂತ ಅವನಿಗೆ ಗೊತ್ತು.

ಜನವರಿ 20, ಸೋಮವಾರ

ಪರ್ಮನೆಂಟ್ ಆರ್ಡರುಗಳನ್ನು ಟೈಪ್ ಮಾಡಿದೆ. ಏಳು ಜನ. ದೇವಿದಾಸನದಕ್ಕೂ ಸಹಿ ಆಗಿದೆ. ವೈಜಿನಾಥ ಸರ್ ಅದೊಂದನ್ನು ನನ್ನ ಕೈಗೇ ಕೊಟ್ಟರು. "ನಿನ್ನ ಹತ್ರ ಇರಲಿ. ಇಪ್ಪತ್ತಾರರ ತನಕ ಮೂರನೇದು ಆಗದಿದ್ರ ಕೊಡು. ಆದ್ರ ಹರಿ." ಡ್ರಾವರಿನಲ್ಲಿಟ್ಟು ಬೀಗ ಹಾಕಿದೆ.

ಮನೆಗೆ ಬಂದ ಮೇಲೂ ಆ ಬೀಗದ ಕೈ ಜೇಬಿನಲ್ಲಿದೆ ಅಂತ ನೆನಪಾಗುತ್ತಿತ್ತು. ಹಿತವಾಗಿತ್ತು.

ಜನವರಿ 23, ಗುರುವಾರ

ಇವತ್ತು ಬರೆಯುವಂಥದ್ದು ಏನೂ ಇಲ್ಲ.

ಜನವರಿ 24, ಶುಕ್ರವಾರ

ನಿನ್ನೆ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಖಾಲಿ ಡ್ರಮ್ಮುಗಳ ಓಣಿಯಿಂದ ಬೀಡಿ ವಾಸನೆ ಬಂತು. ಉಳಿದ ಜಾಗವೆಲ್ಲ ಮುಚ್ಚಿರುವುದರಿಂದ ಅಲ್ಲಿಗೆ ಬರುತ್ತಾರೆಂದು ನನಗೆ ಅಂದಾಜಿತ್ತು. ಫೋನ್ ತೆರೆದು ಹಿಡಿದು ಒಳಗೆ ಹೆಜ್ಜೆ ಇಟ್ಟೆ. ಹೊಸ ಬೂಟು, ಸಪ್ಪಳವಾಯಿತು.

ಸೇದುತ್ತಿದ್ದವನು ಸಂಜುಕುಮಾರ. ಎರಡು ಫೋಟೋ ಅವನದೂ ಆಗಿದ್ದವು. ಸಪ್ಪಳ ಕೇಳಿ ಬೀಡಿ ಎಲ್ಲಿ ಹಾಕಬೇಕೆಂದು ಸುತ್ತ ನೋಡಿದ. ನೆಲಕ್ಕೆ ಹಾಕಿದರೆ ನಾನು ತುಂಡು ಹೆಕ್ಕುತ್ತೇನೆಂದು ಗೊತ್ತಿದೆ. ಪಕ್ಕದಲ್ಲಿ ಬಿರಡೆ ಇಲ್ಲದ ಖಾಲಿ ಡ್ರಮ್ಮು. ಅವನು ಪ್ಯಾಕಿಂಗಿನವನು, ಖಾಲಿ ಅಂದರೆ ಖಾಲಿ ಅಂದುಕೊಂಡು ಬೀಡಿಯನ್ನು ಅದರ ತೂತಿನ ಬಾಯಿಗೆ ಒಯ್ದ.

ಓಣಿಯ ಆಚೆ ತುದಿಯಲ್ಲಿ ಡ್ರಮ್ ಉರುಳಿಸುತ್ತಿದ್ದ ದೇವಿದಾಸ ಅದನ್ನು ನೋಡಿದ. "ಏ ಸಂಜ್ಯಾ, ಬ್ಯಾಡಲೇ!" ಅಂತ ಕೂಗಿದ. ಅಷ್ಟು ವಯಸ್ಸಾದವನು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಎಡಗೈಯಿಂದ ಸಂಜುಕುಮಾರನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಸೆದ. ಬ್ಯಾಂಡೇಜಿನ ಕೈಯನ್ನು ಡ್ರಮ್ಮಿನ ತೂತಿನ ಕಡೆ ಚಾಚಿದ, ಬೀಡಿ ಹಿಡಿಯಲೋ, ತೂತು ಮುಚ್ಚಲೋ. ನನ್ನ ಬೆರಳು ಫೋನಿನ ಗುಂಡಿ ಒತ್ತಿತು, ರೂಢಿಯಿಂದ.

ಡ್ರಮ್ಮು ಸಿಡಿದ ಸಪ್ಪಳ ರಾಜೇಶ್ವರದವರೆಗೆ ಕೇಳಿತಂತೆ. ಡ್ರಮ್ಮಿನ ಮೇಲ್ಮುಚ್ಚಳ ಕಿತ್ತು ಅವನ ಎದೆಗೆ ಬಡಿಯಿತು. ಬೀದರಿನ ದಾರಿಯಲ್ಲಿ ಆಂಬುಲೆನ್ಸಿನಲ್ಲೇ ಜೀವ ಬಿಟ್ಟ. ನನ್ನ ಹುಬ್ಬು ಸ್ವಲ್ಪ ಸುಟ್ಟಿದೆ. ಸಂಜುಕುಮಾರನಿಗೆ ಏನೂ ಆಗಿಲ್ಲ.

ಜನವರಿ 27, ಸೋಮವಾರ

ವರದಿ ನಾನೇ ಬರೆಯಬೇಕು ಅಂದರು. ವೈಜಿನಾಥ ಸರ್ ನಾಲ್ಕು ದಿನದಿಂದ ನಿದ್ದೆ ಮಾಡಿದಂತಿಲ್ಲ. "ಕಂಪನಿ ತಪ್ಪಿಲ್ಲ ಅಂತ ಬರಬೇಕು. ಬೀಡಿ ಯಾರದು?"

ನಾನು ಫೋನ್ ತೋರಿಸಿದೆ. ಫೋಟೋದಲ್ಲಿ ಸಂಜುಕುಮಾರ ಇಲ್ಲ, ಆಗಲೇ ಚೌಕಟ್ಟಿನ ಹೊರಗೆ ಬಿದ್ದಿದ್ದ. ಇರುವುದು ದೇವಿದಾಸ ಒಬ್ಬನೇ, ಡ್ರಮ್ಮಿನ ತೂತಿಗೆ ಕೈ ಚಾಚಿ, ಏನನ್ನೋ ಒಳಗೆ ಹಾಕುತ್ತಿರುವಂತೆ.

ಅವರು ಬಹಳ ಹೊತ್ತು ನೋಡಿದರು. "ಇದು ಅವಂದು ಮೂರನೇದು ಅಲ್ಲಾ?"

ಹೌದ್ರಿ ಸರ್ ಅಂದೆ. ನಾನು ಸುಳ್ಳು ಹೇಳಲಿಲ್ಲ. ಮೂರನೆಯ ಫೋಟೋ ಅದೇ.

ಮಧ್ಯಾಹ್ನ ಸಂಜುಕುಮಾರ ನನ್ನ ಖೋಲಿಗೆ ಬಂದ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟ. "ನಾ ಹೇಳ್ಬೇಕಂತ ಮಾಡೀನಿ..." ಅಂದ. "ಫೋಟೋದಾಗ ನೀನು ಇಲ್ಲ" ಅಂದೆ. ಅಳತೊಡಗಿದ. ನೀರು ಕೊಟ್ಟೆ. ಹೋಗುವಾಗ ಎರಡೂ ಕೈ ಜೋಡಿಸಿ "ಬರ್ತೀನ್ರಿ ಸರ್" ಅಂದ. ಕವಿಗಳೇ ಅನ್ನಲಿಲ್ಲ.

ಜಹೀರುದ್ದೀನ್ ಕೆಲಸ ಬಿಟ್ಟು ಹೋಗಿದ್ದಾನೆ. ಹೋಗುವಾಗ ಗೇಟಿನ ಹಿಂದೆ ಬಿದ್ದಿದ್ದ ಹಳೇ ಕಪಾಟನ್ನು ಆಟೋದಲ್ಲಿ ಹಾಕಿಕೊಂಡು ಹೋದನಂತೆ. ಯಾಕೆ ಬೇಕಿತ್ತೋ.

ವರದಿಯ ಕರಡಿಗೆ ಕಾಗದ ಹುಡುಕಿದೆ. ಡ್ರಾವರಿನಲ್ಲಿ ಸದರಿ ಕಾರ್ಮಿಕರ ಪರ್ಮನೆಂಟ್ ಆರ್ಡರ್ ಇತ್ತು, ಹಿಂಬದಿ ಖಾಲಿ. ಒಳ್ಳೆಯ ಕಾಗದ, ಹರಿದು ಹಾಕಲು ಮನಸ್ಸಾಗಲಿಲ್ಲ. ಅದರ ಮೇಲೆಯೇ ಬರೆದೆ. "ಸದರಿ ಕಾರ್ಮಿಕರು ಎರಡು ಬಾರಿ ಎ‌ಚ್ಚರಿಕೆ ಪಡೆದಿದ್ದರೂ ದುಶ್ಚಟವನ್ನು ತ್ಯಜಿಸದೆ..." ಒಂದೇ ಉಸಿರಿಗೆ ಬಂತು. ಒಂದು ಪದವೂ ಹೊಡೆದುಹಾಕಬೇಕಾಗಲಿಲ್ಲ.

ಫೆಬ್ರವರಿ 10, ಸೋಮವಾರ

ನಾಳೆ ಆಡಿಟ್. ಗೇಟಿಗೆ ಫಲಕ ಕೂಡಿಸಿಯಾಯಿತು. ನನ್ನ ಕೊರಳಿಗೆ ನೀಲಿ ಪಾಸು ಬಂದಿದೆ.

ಹೇಳಿಕೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಶೇವಂತಾಬಾಯಿಯನ್ನು ಕರೆಸಿದ್ದರು. ಕಲ್ಯಾಣದಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕೈಯಲ್ಲಿ ಒಂದು ಡಬ್ಬಿ. ಟೇಬಲಿನ ಮೇಲಿಟ್ಟಳು. "ಎರಡ್ ರೊಟ್ಟಿ ಹೆಚ್ಚ ಬಡಿಯೋದು ರೂಢಿ ಆಗ್ಯಾದ. ನೀ ಉಣ್ಣು."

ಕುರ್ಚಿ ಕೊಟ್ಟೆ. ಅವಳ ಮೊಣಕೈಗೆ ಮಸಿ ತಾಗಬಾರದೆಂದು, ವರದಿಯ ಕರಡು ಬರೆದಿದ್ದ ಆ ಕಾಗದವನ್ನು ಕೆಳಗೆ ಹಾಸಿದೆ.

"ಏನ್ ಬರದೀರಿ, ಓದಿ ಹೇಳು ತಮ್ಮಾ. ನೀ ಛಲೋ ಓದ್ತಿ ಅಂತ ಅವರು ಹೇಳ್ತಿದ್ರು."

ಹೇಳಿಕೆಯಲ್ಲಿ ಇದ್ದದ್ದು ಅವಳ ಗಂಡ ಬೀಡಿಯ ಚಟದಿಂದಲೇ ಸತ್ತನೆಂದು, ಯಾರ ಮೇಲೂ ಅವಳ ದೂರಿಲ್ಲವೆಂದು. ಅದನ್ನು ಓದಿದರೆ ಅವಳಿಗೆ ನೋವಾಗುತ್ತದೆ. ಕಾಗದದ ಮೇಲೆ ಕಣ್ಣಿಟ್ಟು ಬೇರೆ ಓದಿದೆ. "ನನ್ನ ಗಂಡ ಹನ್ನೊಂದು ವರ್ಷ ನಿಯತ್ತಿನಿಂದ ದುಡಿದರು. ಒಬ್ಬರ ಜೀವ ಉಳಿಸಲು ಹೋಗಿ ತಮ್ಮ ಜೀವ ಕೊಟ್ಟರು. ಅವರ ಹೆಸರು ಈ ಫ್ಯಾಕ್ಟರಿ ಇರುವವರೆಗೆ ಇರುತ್ತದೆ." ಅಲ್ಲಲ್ಲೇ ಕಟ್ಟಿದ್ದು. ಎಲ್ಲಿಯೂ ಎಡವಲಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ತಲೆಗೆ ಎರಡೂ ಕೈ ಸವರಿ ಲಟಿಕೆ ಮುರಿದಳು. ಹೆಬ್ಬೆಟ್ಟು ಒತ್ತಿದಳು.

"ಒಂದ್ ಮಾತು. ಅವರ ಆರ್ಡರ್ ಬಂದಿತ್ತೇನು? ಬಂದಿತ್ತು ಅಂದ್ರ ಸಾಕು. ನೀಲಿ ಪಾಸ್ ಕೊಡದಿದ್ರೂ ನಡೀತದ. ಬಂದಿತ್ತು ಅಂತ ಮನ್ಯಾಗ ಅವರ ಫೋಟೋದ ಮುಂದ ಹೇಳ್ತೀನಿ."

"ಬಂದಿರಲಿಲ್ಲ ಕಾಕು."

ಹ್ಞೂಂ ಅಂದಳು. ಮೊಣಕೈ ಎತ್ತಿ, ಕೆಳಗಿದ್ದ ಕಾಗದವನ್ನು ಮಡಚದಂತೆ ಎರಡೂ ಕೈಯಿಂದ ನನಗೆ ವಾಪಸ್ ಕೊಟ್ಟಳು.

ಬಾಗಿಲಲ್ಲಿ ನಿಂತವಳು ತಿರುಗಿದಳು. ಮೂಗು ಏರಿಸಿ ಗೋಡೆಯ ಕಡೆ ನೋಡಿದಳು, ಲೈಟರ್ ಇರುವ ಕಡೆ. "ಈ ಖೋಲ್ಯಾಗ ಅವರ ವಾಸನಿ ಅದ. ಮನ್ಯಾಗಿನ ಅರಿವಿ ಎಲ್ಲಾ ಒಗದು ಹಾಕಿಬಿಟ್ಟೀನಿ, ತಿಳೀಲಿಲ್ಲ ನನಗ. ಅಲ್ಲಿ ಉಳದಿಲ್ಲ. ಇಲ್ಲಿ ಸೊಲ್ಪ ಹೊತ್ತು ಸುಮ್ನ ಕುಂದರ್ಲಾ ತಮ್ಮಾ?"

ನಾಳೆ ಆಡಿಟ್ ಇದೆ ಕಾಕು ಅಂದೆ. ತಲೆಯಾಡಿಸಿ ಹೋದಳು.

ಬಾಗಿಲು ಹಾಕಿ ನಾನೂ ಮೂಸಿದೆ. ಅವಳು ಹೇಳಿದ್ದು ನಿಜ. ನನಗೆ ಇಷ್ಟು ದಿನ ತಿಳಿಯದ್ದು ಆಶ್ಚರ್ಯ. ಬಣ್ಣದವನು ಬಕೀಟು ಹಿಡಿದು ಹೊರಗೆ ಕಾಯುತ್ತಿದ್ದ. ಒಳಗೆ ಕರೆದು, ಆ ಗೋಡೆಗೆ ಎರಡು ಕೈ ಹೆಚ್ಚು ಹೊಡಿ ಅಂದೆ.